ಲೆಕ್ಕ ತೆರೆದಿಡುವುದು: ಚಟ ಬಿಟ್ಟವರಿಗೆ ವಿನಯದ ಅಭ್ಯಾಸ

"ನಾನೇ ನೋಡ್ಕೋತೀನಿ ಬಿಡಿ." ಚಟಕ್ಕೆ ಬಿದ್ದವರ ಬಾಯಲ್ಲಿ ಹೆಚ್ಚಾಗಿ ಬರುವ ಮಾತು ಇದು. ಚಟ ಬಿಟ್ಟ ಮೇಲೂ ಅದೇ ಮಾತು ಮುಂದುವರಿಯುತ್ತದೆ. "ಎಷ್ಟಕ್ಕೆ ನಿಲ್ಲಿಸಬೇಕು ಅಂತ ನನಗೆ ಗೊತ್ತು" ಅನ್ನುತ್ತಿದ್ದವರೇ ಬಿಟ್ಟ ಮೂರನೇ ತಿಂಗಳಿಗೆ "ಹಳೇ ಗೆಳೆಯರ ಜೊತೆ ಸುಮ್ಮನೆ ಕೂತು ಬಂದರೆ ನನಗೇನೂ ಆಗಲ್ಲ" ಅನ್ನುತ್ತಾರೆ. ಬಾಟಲಿ ಹೋಗಿದೆ, ಲೆಕ್ಕ ಬರೆಯುವ ಗುಮಾಸ್ತ ಮಾತ್ರ ಹಳಬನೇ. ವರ್ಷಗಟ್ಟಲೆ ಸುಳ್ಳು ಲೆಕ್ಕ ಬರೆದು ಪಳಗಿದ ಕೈ ಅವನದು.

ಹಾಗಾಗಿ ಇಲ್ಲಿ ವಿನಯ ಅಂದರೆ ಒಂದೇ ಅರ್ಥ ಇಟ್ಟುಕೊಂಡಿದ್ದೇವೆ: ನಮ್ಮ ಲೆಕ್ಕವನ್ನು ಇನ್ನೊಬ್ಬರ ಕಣ್ಣಿಗೆ ಬೀಳುವ ಹಾಗೆ ತೆರೆದಿಡುವುದು. ತಲೆ ಬಗ್ಗಿಸಿ ಕೂರುವುದು, ಮೆಲ್ಲಗೆ ಮಾತಾಡುವುದು, ಎಲ್ಲರ ಕಾಲಿಗೆ ಬೀಳುವುದು, ಇವೆಲ್ಲ ಇದ್ದರೂ ಸರಿ, ಇಲ್ಲದಿದ್ದರೂ ಸರಿ. ವಿನಯದ ಭಾವ ಮನಸ್ಸಿನಲ್ಲಿ ಮೂಡಲಿ ಅಂತ ಕಾಯುವುದೂ ಬೇಡ. ಒಳಗೆ ಹಮ್ಮು ಕುದಿಯುತ್ತಿದ್ದರೂ ಫೋನ್ ಎತ್ತಿ "ಇವತ್ತು ಮನಸ್ಸು ಸರಿಯಿಲ್ಲ" ಅನ್ನಬಹುದು. ಆ ಫೋನೇ ಅಭ್ಯಾಸ.

ಇನ್ನೊಂದು ತಪ್ಪು ತಿಳಿವಳಿಕೆಯನ್ನು ಇಲ್ಲೇ ಬಿಡಿಸಿಬಿಡೋಣ. "ನನ್ನಂಥ ಪಾಪಿ ಇನ್ನೊಬ್ಬನಿಲ್ಲ" ಅಂತ ಎದೆ ಬಡಿದುಕೊಳ್ಳುವುದೂ ಹಮ್ಮಿನದೇ ಇನ್ನೊಂದು ವೇಷ. ಅಲ್ಲೂ ನಾನೇ ಎಲ್ಲರಿಗಿಂತ ವಿಶೇಷ, ಪಾಪದಲ್ಲಾದರೂ ಮೊದಲನೇ ಸ್ಥಾನ ನನಗೇ ಬೇಕು. ಅದರ ಅಪಾಯ ಇನ್ನೂ ಆಳದ್ದು. ಅಷ್ಟು ಕೆಟ್ಟವನಿಗೆ ಕುಡಿಯದೆ ಇರಲು ಕಾರಣವಾದರೂ ಏನಿದೆ? ತನ್ನನ್ನು ತಾನು ಬೈದುಕೊಂಡ ರಾತ್ರಿಯೇ ಬಾಟಲಿ ಬಿಚ್ಚಿದವರು ಬಹಳ.

ಮೊದಲು ದೇಹದ ಲೆಕ್ಕ

ಆಧ್ಯಾತ್ಮಿಕ ಬೆಳವಣಿಗೆಯ ಬರಹ ಔಷಧಿಯಿಂದ ಶುರುವಾಗುವುದು ವಿಚಿತ್ರ ಅನ್ನಿಸಬಹುದು. ಆದರೆ ಲೆಕ್ಕದ ಮೊದಲ ಸಾಲನ್ನು ವೈದ್ಯರ ಮುಂದೆಯೇ ಬರೆಯಬೇಕು. ದಿನಾ ಹೆಚ್ಚು ಕುಡಿಯುತ್ತಿದ್ದವರು ದಿಢೀರನೆ ನಿಲ್ಲಿಸಿದರೆ 6ರಿಂದ 48 ಗಂಟೆಯೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ಹೊತ್ತಿಗೆ ಕೆಲವರಿಗೆ ಸನ್ನಿ ಹಿಡಿಯುತ್ತದೆ: ಜಾಗ, ಹೊತ್ತು ತಿಳಿಯುವುದಿಲ್ಲ, ಇಲ್ಲದ್ದು ಕಣ್ಣಿಗೆ ಕಾಣುತ್ತದೆ, ಜ್ವರ ಬರುತ್ತದೆ, ಎದೆಬಡಿತ ಏರುತ್ತದೆ. ಚಿಕಿತ್ಸೆ ಸಿಗದಿದ್ದರೆ ಜೀವ ಹೋಗಬಹುದು. ನಿದ್ದೆಗೆ, ಆತಂಕಕ್ಕೆ ಅಂತ ತೆಗೆದುಕೊಳ್ಳುವ ಆಲ್ಪ್ರಜೋಲಾಂ, ಡಯಜೆಪಾಂ ಥರದ ಗುಳಿಗೆಗಳನ್ನೂ ಬಹಳ ದಿನ ನುಂಗಿದವರು ಒಮ್ಮೆಲೇ ಬಿಡಬಾರದು. ಅವನ್ನು ವೈದ್ಯರ ಕಣ್ಣೆದುರು ಹಂತಹಂತವಾಗಿ ಇಳಿಸಬೇಕು.

ಇಲ್ಲೇ ಹಳೇ ಗುಮಾಸ್ತ ಕೈಚಳಕ ತೋರಿಸುವುದು. ವೈದ್ಯರು "ಎಷ್ಟು ಕುಡಿತೀರಿ?" ಅಂತ ಕೇಳಿದರೆ "ಸಂಜೆ ಹೊತ್ತು ಸ್ವಲ್ಪ" ಅನ್ನುತ್ತಾನೆ. ಸ್ವಲ್ಪ ಅನ್ನುವುದು ಅಳತೆಯಲ್ಲ. ಅಳತೆ ಹೀಗೆ ಮಾಡಿ: ಕುಡಿದ ಮಿಲಿಲೀಟರನ್ನು ಬಾಟಲಿಯ ಮೇಲಿನ ಶೇಕಡಾವಾರಿನಿಂದ ಗುಣಿಸಿ, 100ರಿಂದ ಭಾಗಿಸಿ, ಬಂದದ್ದನ್ನು 0.8ರಿಂದ ಗುಣಿಸಿ. ಅದು ಗ್ರಾಂ ಲೆಕ್ಕದಲ್ಲಿ ಶುದ್ಧ ಆಲ್ಕೊಹಾಲ್. ಶೇ. 5ರ ಬಿಯರ್ 650 ಮಿಲಿ ಅಂದರೆ 26 ಗ್ರಾಂ. ಶೇ. 40ರ ವಿಸ್ಕಿ 375 ಮಿಲಿ ಅಂದರೆ 120 ಗ್ರಾಂ. ಈ ಸಂಖ್ಯೆಯ ಜೊತೆ ಇನ್ನು ಮೂರು ವಿಷಯ ಚೀಟಿಯಲ್ಲಿ ಬರೆದುಕೊಂಡು ಹೋಗಿ: ಕೊನೆಯ ಸಲ ಕುಡಿದ ಹೊತ್ತು, ಹಿಂದೆ ಯಾವಾಗಲಾದರೂ ಫಿಟ್ಸ್ ಬಂದಿತ್ತೇ, ಬೇರೆ ಯಾವ ಗುಳಿಗೆ ಅಥವಾ ಮಾದಕವಸ್ತು ಬಳಸುತ್ತೀರಿ. ಬಾಯಲ್ಲಿ ಹೇಳಲು ನಾಚಿಕೆಯಾದರೆ ಚೀಟಿಯನ್ನೇ ಮೇಜಿನ ಮೇಲಿಡಿ. ಕಡಿಮೆ ಹೇಳಿದರೆ ಕೊಡುವ ಔಷಧಿಯೂ ಕಡಿಮೆಯಾಗುತ್ತದೆ, ಅದರ ಪರಿಣಾಮವನ್ನು ಅನುಭವಿಸುವುದು ನಿಮ್ಮದೇ ಮೆದುಳು.

ಹನ್ನೆರಡು ಹೆಜ್ಜೆ ಎಲ್ಲಿಂದ ಬಂತು

1935ರಲ್ಲಿ ಅಮೆರಿಕದ ಆಕ್ರನ್ ಊರಿಗೆ ವ್ಯಾಪಾರದ ಕೆಲಸದ ಮೇಲೆ ಬಂದಿದ್ದ ಬಿಲ್ ವಿಲ್ಸನ್ ಕುಡಿತ ಬಿಟ್ಟು ಕೆಲವೇ ತಿಂಗಳಾಗಿತ್ತು. ವ್ಯವಹಾರ ಕೈಕೊಟ್ಟಿತು. ಹೋಟೆಲಿನ ಮೊಗಸಾಲೆಯ ಒಂದು ಕಡೆ ಬಾರು, ಇನ್ನೊಂದು ಕಡೆ ಟೆಲಿಫೋನು. ಅವನು ಟೆಲಿಫೋನಿನ ಕಡೆ ಹೋಗಿ ಊರಿನ ಚರ್ಚುಗಳ ಪಟ್ಟಿ ಹಿಡಿದು, ಮಾತಾಡಲು ಇನ್ನೊಬ್ಬ ಕುಡುಕ ಸಿಗುತ್ತಾನೆಯೇ ಅಂತ ವಿಚಾರಿಸುತ್ತ ಹೋದ. ಸಿಕ್ಕಿದವರು ಶಸ್ತ್ರವೈದ್ಯ ಬಾಬ್ ಸ್ಮಿತ್. ಕುಡಿತ ಬಿಡಲು ಹೊರಟವರು ಒಟ್ಟಿಗೆ ಕೂತು ಒಬ್ಬರಿಗೊಬ್ಬರು ನೆರವಾಗುವ ಆಲ್ಕೊಹಾಲಿಕ್ಸ್ ಅನಾನಿಮಸ್ ಗುಂಪುಗಳು ಹುಟ್ಟಿದ್ದು ಆ ಭೇಟಿಯಿಂದ. ಉಪದೇಶ ಮಾಡಲು ಒಬ್ಬ ಸಿಗಲಿ ಅಂತ ವಿಲ್ಸನ್ ಹುಡುಕಲಿಲ್ಲ, ತಾನು ಕುಡಿಯದೆ ಉಳಿಯಲು ಇನ್ನೊಬ್ಬ ಬೇಕಾಗಿದ್ದ. ಈ ಮಾರ್ಗದ ಬೇರು ಅಲ್ಲಿದೆ.

ಕುಡಿತದಿಂದ ಹೊರಬರಲು ಈ ಗುಂಪುಗಳು ಹಿಡಿಯುವ ಹನ್ನೆರಡು ಹೆಜ್ಜೆಗಳು 1939ರಲ್ಲಿ ಅಚ್ಚಾದವು. ವಿನಯದಿಂದ ಕೇಳಿಕೊಳ್ಳುವ ಮಾತು ಬರುವುದು ಏಳನೇ ಹೆಜ್ಜೆಯಲ್ಲಿ, ಅಂದರೆ ಸೋಲು ಒಪ್ಪಿ, ಲೆಕ್ಕ ಬರೆದು, ಅದನ್ನು ಒಬ್ಬರ ಮುಂದೆ ಓದಿದ ಮೇಲೆ. ಮೊದಲ ದಿನವೇ ವಿನಯವಂತರಾಗಲು ಹೊರಟವರು ನಟನೆಗೆ ಬೀಳುವುದು ಈ ಕ್ರಮ ತಪ್ಪಿದ್ದರಿಂದ. ಇದು ಬರೀ ನಂಬಿಕೆಯ ಮಾತೂ ಅಲ್ಲ. 2020ರಲ್ಲಿ, ವೈದ್ಯಕೀಯ ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಸಂಸ್ಥೆ 27 ಅಧ್ಯಯನಗಳನ್ನು, 10,000ಕ್ಕೂ ಹೆಚ್ಚು ಜನರ ಮಾಹಿತಿಯನ್ನು ಪರಿಶೀಲಿಸಿತು. ಕುಡಿತದಿಂದ ಪೂರ್ತಿ ದೂರ ಉಳಿಯುವ ವಿಷಯದಲ್ಲಿ, ಈ ಗುಂಪುಗಳಿಗೆ ಜನರನ್ನು ವ್ಯವಸ್ಥಿತವಾಗಿ ಸೇರಿಸುವ ಚಿಕಿತ್ಸೆ ಬೇರೆ ಮಾನ್ಯ ಚಿಕಿತ್ಸೆಗಳಿಗಿಂತ ಚೆನ್ನಾಗಿ ಕೆಲಸ ಮಾಡಿದ್ದು ಕಂಡುಬಂತು. ದೇವರನ್ನು ಯಾರೂ ತಕ್ಕಡಿಗೆ ಹಾಕಲಿಲ್ಲ, ತೂಗಿದ್ದು ಒಟ್ಟಿಗೆ ಕೂರುವುದನ್ನು.

ದಿನದ ಅಭ್ಯಾಸ

ಬೆಳಗ್ಗೆ ಹತ್ತು ನಿಮಿಷ, ಹಗಲಲ್ಲಿ ಮೂರು ನಿಮಿಷದ ಒಂದು ಫೋನ್, ರಾತ್ರಿ ಹತ್ತು ಸಾಲು. ಮೊದಲ 90 ದಿನಕ್ಕೆ ಇಷ್ಟು ಸಾಕು, ಇದಕ್ಕಿಂತ ಹೆಚ್ಚು ಮಾಡಲು ಹೋಗಬೇಡಿ. ಹುಮ್ಮಸ್ಸಿನಲ್ಲಿ ನಸುಕಿನ ನಾಲ್ಕಕ್ಕೆ ಎದ್ದು ಎರಡು ಗಂಟೆ ಧ್ಯಾನಕ್ಕೆ ಕೂತವರು ಹದಿನೈದು ದಿನಕ್ಕೆ ಎಲ್ಲವನ್ನೂ ಕೈಬಿಡುತ್ತಾರೆ. ಚಟದ ಬುದ್ಧಿಗೆ ಒಂದೋ ಪೂರ್ತಿ ಬೇಕು, ಇಲ್ಲವೇ ಏನೂ ಬೇಡ. ಸಣ್ಣದನ್ನು ತಪ್ಪದೆ ಮಾಡುವುದೇ ಅದಕ್ಕೆ ಕಷ್ಟ, ಅದೇ ಅದಕ್ಕೆ ಔಷಧಿ.

ಬೆಳಗ್ಗೆ ಫೋನ್ ಮುಟ್ಟುವ ಮೊದಲು ನೆಟ್ಟಗೆ ಕೂತು ಐದು ನಿಮಿಷ ಉಸಿರು ಎಣಿಸಿ. ಒಂದರಿಂದ ಹತ್ತು, ಮತ್ತೆ ಒಂದರಿಂದ. ಎಣಿಕೆ ತಪ್ಪಿದರೆ ಬೈದುಕೊಳ್ಳದೆ ಒಂದಕ್ಕೆ ಮರಳಿ. ಹೀಗೆ ಮರಳುವುದೇ ದಿನವಿಡೀ ಬೇಕಾಗುವ ಕೌಶಲ. ಕಣ್ಣು ಮುಚ್ಚಿದರೆ ಹಳೇ ಘಟನೆಗಳು ಮೈಮೇಲೆ ಬಂದಂತಾಗುವವರು ಕಣ್ಣು ತೆರೆದೇ ಇರಲಿ, ಇಲ್ಲವೇ ನಡೆಯುತ್ತ ಹೆಜ್ಜೆ ಎಣಿಸಲಿ. ಆಮೇಲೆ ಬಾಯಿಬಿಟ್ಟು ಹೇಳಿ: "ಇವತ್ತೊಂದು ದಿನ ಬೇಡ. ನನ್ನೊಬ್ಬನಿಂದ ಆಗದು, ಸಹಾಯ ಬೇಕು." ಯಾರನ್ನು ಕೇಳುತ್ತಿದ್ದೀರಿ ಅನ್ನುವ ಪ್ರಶ್ನೆಗೆ ಆಮೇಲೆ ಬರೋಣ. ಕೊನೆಗೆ ಒಂದು ಸಾಲು ಬರೆಯಿರಿ: ಇವತ್ತಿನ ಅಪಾಯದ ಹೊತ್ತು ಯಾವುದು, ಯಾವ ಜಾಗ, ಜೊತೆಗೆ ಯಾರು. "ಸಂಜೆ 6:30, ಸಂಬಳದ ದಿನ, ಆಫೀಸಿಂದ ಮನೆ ದಾರಿ, ಒಬ್ಬನೇ." ಇಷ್ಟು ನಿಖರವಾಗಿರಲಿ. "ಜಾಗ್ರತೆಯಾಗಿ ಇರಬೇಕು" ಅಂತ ಬರೆದರೆ ಏನೂ ಬರೆಯದ ಹಾಗೆ.

ಫೋನ್ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಬಹಳ ಜನ ಜಾರುವುದು ಇಲ್ಲೇ. ಚಟ ಬಿಟ್ಟು ಬಹುಕಾಲವಾದ, ನಿಮಗೆ ದಾರಿ ತೋರಿಸಲು ಒಪ್ಪಿದ ಒಬ್ಬರಿರುತ್ತಾರೆ, ಗುಂಪುಗಳಲ್ಲಿ ಅವರನ್ನು ಸ್ಪಾನ್ಸರ್ ಅನ್ನುತ್ತಾರೆ. ಅವರಿಗೆ ದಿನಾ ಒಂದೇ ಹೊತ್ತಿಗೆ ಕರೆ ಮಾಡಿ, ಕುಡಿಯುವ ಆಸೆ ಬರದ ದಿನವೂ ಮಾಡಿ. ಆಸೆ ಬಂದ ದಿನ ಆ ಫೋನ್ ಕಲ್ಲಿನಷ್ಟು ಭಾರವಾಗುತ್ತದೆ, ಮೊದಲೇ ಎತ್ತಿ ರೂಢಿಯಾದ ಕೈಗೆ ಮಾತ್ರ ಅದು ಏಳುತ್ತದೆ. ಹೇಳಬೇಕಾದ್ದು ಮೂರೇ ಮಾತು: ನಿನ್ನೆ ಎಷ್ಟು ಗಂಟೆ ನಿದ್ದೆ ಬಂತು, ಈಗ ಏನು ತಲೆ ತಿನ್ನುತ್ತಿದೆ, ಏನನ್ನು ಮುಚ್ಚಿಡಬೇಕು ಅನ್ನಿಸುತ್ತಿದೆ. ಮೊದಲೆರಡನ್ನು ಎಲ್ಲರೂ ಹೇಳುತ್ತಾರೆ, ಕೆಲಸ ಮಾಡುವುದು ಮೂರನೆಯದು. "ಹಳೇ ಗೆಳೆಯನ ನಂಬರು ಇನ್ನೂ ಅಳಿಸಿಲ್ಲ", "ಕಪಾಟಿನ ಹಿಂದೆ ಐದು ಗುಳಿಗೆ ಇವೆ", ಇಂಥವು ಹೊರಬರುವುದು ಅಲ್ಲಿಂದಲೇ. ಹೇಳಿದ ದಿನವೇ ಅದರ ಬಲ ಅರ್ಧ ಇಳಿಯುತ್ತದೆ.

ಆಸೆ ಎದ್ದಾಗ ಅದರ ಜೊತೆ ವಾದಕ್ಕೆ ಇಳಿಯಬೇಡಿ. ಅಲೆ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ತಾನೇ ಇಳಿಯುತ್ತದೆ. ಜಾಗ ಬದಲಿಸಿ, ಏನಾದರೂ ತಿನ್ನಿ, ಕರೆ ಮಾಡಿ. ಹಸಿವು, ಸಿಟ್ಟು, ಒಂಟಿತನ, ದಣಿವು, ಈ ನಾಲ್ಕರಲ್ಲಿ ಯಾವುದು ಅಂತ ನೋಡಿ. ಎಷ್ಟೋ ಸಲ ಆತ್ಮದ ತಳಮಳ ಅಂತ ಅಂದುಕೊಂಡದ್ದು ಮಧ್ಯಾಹ್ನ ಬಿಟ್ಟ ಊಟ ಆಗಿರುತ್ತದೆ.

ರಾತ್ರಿ ಹತ್ತು ಸಾಲು, ಪುಸ್ತಕದಲ್ಲಿ, ಕೈಬರಹದಲ್ಲಿ. ಎಲ್ಲಿ ಸುಳ್ಳು ಹೇಳಿದೆ ಅಥವಾ ಮುಚ್ಚಿಟ್ಟೆ? ಯಾರಿಗೆ ನೋವಾಯಿತು? ಯಾರಿಂದ ಸಹಾಯ ಸಿಕ್ಕಿತು? ನಾಳೆ ಯಾವ ಒಂದನ್ನು ಸರಿಮಾಡುತ್ತೇನೆ? ಇವುಗಳ ಜೊತೆ ಇವತ್ತು ಸರಿಯಾಗಿ ಮಾಡಿದ್ದು ಒಂದನ್ನು ಕಡ್ಡಾಯವಾಗಿ ಬರೆಯಿರಿ. ಜಮಾ ಬರೆಯದೆ ಬರೀ ಖರ್ಚು ಬರೆದರೆ ಅದೂ ಸುಳ್ಳು ಲೆಕ್ಕವೇ. ಈ ಪುಸ್ತಕ ಕೆಡುವುದು ಎರಡು ಕಾರಣಕ್ಕೆ. ಒಂದು, ಮೂರನೇ ವಾರಕ್ಕೆ ಇದು ಹೆಂಡತಿ ಅಥವಾ ಗಂಡ, ಮೇಲಧಿಕಾರಿ, ನಾದಿನಿಯರ ತಪ್ಪುಗಳ ದಾಖಲೆಯಾಗುತ್ತದೆ. ಎರಡು, ಇದು ಕೋರ್ಟಾಗುತ್ತದೆ: ಆರೋಪಿ, ವಕೀಲ, ನ್ಯಾಯಾಧೀಶ ಮೂವರೂ ನೀವೇ, ತೀರ್ಪು ರಾತ್ರಿ ಎರಡರ ತನಕ ಬರುವುದಿಲ್ಲ. ಹತ್ತು ಸಾಲು ದಾಟಿದರೆ ಪೆನ್ನು ಮುಚ್ಚಿಡಿ, ಉಳಿದದ್ದು ನಾಳಿನ ಫೋನಿಗೆ.

ಸಿಟ್ಟಿನ ಪಟ್ಟಿ, ನಾಲ್ಕು ಕಾಲಂ

ಸುಮಾರು ಮೂರು ತಿಂಗಳು ಕಳೆದು ನಿದ್ದೆ, ಊಟ ಹಾದಿಗೆ ಬಂದ ಮೇಲೆ, ಸ್ಪಾನ್ಸರ್ ಅಥವಾ ಆಪ್ತಸಮಾಲೋಚಕರ ಜೊತೆ ಮಾತಾಡಿಕೊಂಡು ಇದನ್ನು ಹಿಡಿಯಿರಿ. ದೊಡ್ಡ ಹಾಳೆಯಲ್ಲಿ ನಾಲ್ಕು ಕಾಲಂ: ಯಾರ ಮೇಲೆ, ಏನಾಯಿತು, ನನಗೆ ಎಲ್ಲಿ ನಾಟಿತು, ನನ್ನ ಪಾಲು ಏನು. ಮೊದಲ ಮೂರು ಕಾಲಂಗಳನ್ನು ಎಲ್ಲ ಹೆಸರಿಗೂ ತುಂಬಿ ಮುಗಿಸಿ, ನಾಲ್ಕನೆಯದನ್ನು ಇನ್ನೊಂದು ದಿನ ತುಂಬಿ. ಒಂದೇ ಕೂರಿಕೆಯಲ್ಲಿ ಮಾಡಿದರೆ ಸಿಟ್ಟಿನ ಬಿಸಿಯಲ್ಲಿ ನಾಲ್ಕನೆಯದು ಖಾಲಿ ಉಳಿಯುತ್ತದೆ.

ಒಂದು ಸಾಲನ್ನು ಹತ್ತಿರದಿಂದ ನೋಡೋಣ. ಯಾರ ಮೇಲೆ: ಅಣ್ಣ. ಏನಾಯಿತು: ನೆಂಟರ ಮುಂದೆ "ಇವನ ಕೈಗೆ ದುಡ್ಡು ಕೊಡಬೇಡಿ" ಅಂದ. ಎಲ್ಲಿ ನಾಟಿತು: ಮಾನ, ದುಡ್ಡಿನ ಭಯ. ಈಗ ನಾಲ್ಕನೆಯದು. ಮೊದಲ ಪ್ರಯತ್ನದಲ್ಲಿ ಸಾಮಾನ್ಯವಾಗಿ ಬರುವುದು: "ನಾನು ಸ್ವಲ್ಪ ಜಾಸ್ತಿ ಸೂಕ್ಷ್ಮ." ಇದು ಒಪ್ಪಿಗೆಯ ವೇಷದಲ್ಲಿ ಹೊಗಳಿಕೊಳ್ಳುವುದು. ಎರಡನೇ ಪ್ರಯತ್ನ: "ನಾನು ಸ್ವಾರ್ಥಿ." ಇದು ನಿಜವಿರಬಹುದು, ಆದರೆ ಇದನ್ನು ಹಿಡಿದು ಮಾಡಬಹುದಾದ ಕೆಲಸ ಒಂದೂ ಇಲ್ಲ. ಗುಣವಾಚಕ ಬಿಟ್ಟು ಮಾಡಿದ ಕೆಲಸವನ್ನೇ ಬರೆದಾಗ ಬರುವುದು ಹೀಗೆ: "ಅದಕ್ಕೆ ಎರಡು ತಿಂಗಳ ಮೊದಲು ಆಸ್ಪತ್ರೆ ಖರ್ಚು ಅಂತ ಅವನಿಂದ ಹತ್ತು ಸಾವಿರ ತಗೊಂಡು ಕುಡಿದೆ. ಇವತ್ತಿಗೂ ಹೇಳಿಲ್ಲ. ಅವನು ಹೇಳಿದ ಜಾಗ ತಪ್ಪು, ಹೇಳಿದ ಮಾತು ನಿಜ." ಇಲ್ಲಿಗೆ ಬಂದಾಗ ಸಿಟ್ಟು ಹೋಗದಿದ್ದರೂ ಅದರ ಮೊನೆ ಮೊಂಡಾಗುತ್ತದೆ.

ಒಂದು ಮುಖ್ಯ ಎಚ್ಚರ. ಮಗುವಾಗಿದ್ದಾಗ ನಡೆದ ದೌರ್ಜನ್ಯ, ಅತ್ಯಾಚಾರ, ಹೊಡೆತ, ಇವುಗಳ ಎದುರು ನಾಲ್ಕನೇ ಕಾಲಂ ಖಾಲಿಯಾಗಿಯೇ ಇರಬೇಕು. ಅಲ್ಲಿ ನಿಮ್ಮ ಪಾಲು ಇಲ್ಲ. "ಏನಾದರೂ ಬರಿ" ಅಂತ ಒತ್ತಾಯಿಸುವ ಸ್ಪಾನ್ಸರ್‌ಗೆ ಈ ಕೆಲಸ ಗೊತ್ತಿಲ್ಲ. ಅಂಥ ಸಾಲುಗಳನ್ನು ತರಬೇತಿ ಪಡೆದ ಸಮಾಲೋಚಕರ ಬಳಿ ಒಯ್ಯಿರಿ.

ಬರೆದದ್ದನ್ನು ಒಬ್ಬರ ಮುಂದೆ ಓದಬೇಕು. ಕೇಳುವವರು ಗುಟ್ಟು ಕಾಯುವವರಾಗಿರಲಿ, ಕೇಳಿದ್ದರಿಂದ ಅವರಿಗೇ ಗಾಯವಾಗುವಂತಿರಬಾರದು. ಆದ್ದರಿಂದ ಗಂಡ, ಹೆಂಡತಿ, ಒಡಹುಟ್ಟಿದವರು ಬೇಡ. ಎರಡು ಮೂರು ಗಂಟೆ ಬೇಕಾಗುತ್ತದೆ, ಫೋನ್‌ಗಳು ಆಫ್ ಇರಲಿ. ಕೊನೆಯ ತನಕ ಹೇಳದೆ ಉಳಿಸಿಕೊಂಡದ್ದು ಒಂದು ಇದ್ದೇ ಇರುತ್ತದೆ, ಎದ್ದು ಹೊರಡುವಾಗ ಚಪ್ಪಲಿ ಮೆಟ್ಟುತ್ತ "ಇನ್ನೊಂದಿದೆ" ಅಂತ ಬಾಯಿಗೆ ಬರುವಂಥದ್ದು. ಅದನ್ನು ಮೊದಲು ಓದಿ. ಓದಿ ಮುಗಿದ ರಾತ್ರಿ ಮನಸ್ಸು ಒಮ್ಮೆಲೇ ಹಗುರವೂ ಖಾಲಿಯೂ ಆಗುತ್ತದೆ, ಆ ಖಾಲಿತನ ಅಪಾಯಕಾರಿ. ಊಟ ಮಾಡಿ, ಒಬ್ಬರ ಜೊತೆಗಿರಿ, ಮರುದಿನ ಬೆಳಗ್ಗೆ ಯಾರಿಗೆ ಕರೆ ಮಾಡುವುದು ಅಂತ ಮೊದಲೇ ಗೊತ್ತುಮಾಡಿಕೊಳ್ಳಿ.

ಯಾರನ್ನು ಕೇಳುವುದು

ನಂಬುವ ದೇವರಿದ್ದರೆ ಈ ಪ್ರಶ್ನೆ ಅರ್ಧ ಮುಗಿಯಿತು. ಅರ್ಧ ಮಾತ್ರ, ಏಕೆಂದರೆ ದೇವರ ಜೊತೆ ವ್ಯಾಪಾರಕ್ಕೆ ಇಳಿಯುವ ಅಭ್ಯಾಸ ಉಳಿದಿರುತ್ತದೆ: ಕೆಲಸ ಸಿಕ್ಕರೆ ಬಿಡುತ್ತೇನೆ, ಹೆಂಡತಿ ಮರಳಿ ಬಂದರೆ ಬಿಡುತ್ತೇನೆ. ಇದರಲ್ಲಿ ಷರತ್ತು ಹಾಕುವವರು ನೀವು, ಅಂದಮೇಲೆ ಯಜಮಾನರೂ ನೀವೇ. ಜೀವಮಾನಕ್ಕೆ ಆಣೆ ಇಡುವುದೂ ಬೇಡ. ಆಣೆ ಮುರಿದ ದಿನ ತಪ್ಪಿಗಿಂತ ನಾಚಿಕೆ ದೊಡ್ಡದಾಗುತ್ತದೆ, ನಾಚಿಕೆ ಮುಚ್ಚಿಡಲು ಕಲಿಸುತ್ತದೆ. ಒಂದು ದಿನದ ಮಾತು ಕೊಡಿ, ಮರುದಿನ ಮತ್ತೆ ಕೊಡಿ.

ದೇವರನ್ನು ನಂಬದವರು ತಮ್ಮ ಅಂಕೆಗೆ ಸಿಗದ, ತಮಗಿಂತ ಸರಿಯಾಗಿ ನೋಡಬಲ್ಲ ಏನನ್ನಾದರೂ ಆರಿಸಿಕೊಳ್ಳಬಹುದು. ಹೆಚ್ಚಿನವರಿಗೆ ಗುಂಪೇ ಸಾಕಾಗುತ್ತದೆ. ಒಬ್ಬನಿಗೆ ಆಗದ್ದು ಹತ್ತು ಜನ ಸುತ್ತ ಕೂತಾಗ ಆಗುತ್ತಿದೆ ಅನ್ನುವುದು ಕಣ್ಣಿಗೆ ಕಾಣುವ ಸತ್ಯ, ಅದಕ್ಕೆ ನಂಬಿಕೆ ಬೇಕಿಲ್ಲ. ಪರೀಕ್ಷೆ ಒಂದೇ: ನೀವು ಆರಿಸಿಕೊಂಡದ್ದು ಯಾವಾಗಲಾದರೂ ನಿಮಗೆ "ಬೇಡ" ಅನ್ನುತ್ತದೆಯೇ? ಸದಾ ಹೂಂ ಅನ್ನುವುದಾದರೆ ಅದು ನಿಮ್ಮದೇ ಪ್ರತಿಧ್ವನಿ.

ಮನಶ್ಶಾಸ್ತ್ರಜ್ಞ ಕಾರ್ಲ್ ಯೂಂಗ್ 1961ರಲ್ಲಿ ವಿಲ್ಸನ್‌ಗೆ ಬರೆದ ಪತ್ರದಲ್ಲಿ ಒಂದು ಸೂಕ್ಷ್ಮ ಎತ್ತಿ ತೋರಿಸಿದ್ದರು. ಲ್ಯಾಟಿನ್ನಿನಲ್ಲಿ ಮದ್ಯಕ್ಕೂ ಅತ್ಯುನ್ನತ ಧಾರ್ಮಿಕ ಅನುಭವಕ್ಕೂ ಸ್ಪಿರಿಟಸ್ ಅನ್ನುವ ಒಂದೇ ಪದ. ಕುಡುಕನ ದಾಹ ಕೆಳಮಟ್ಟದಲ್ಲಿ ಆ ಇನ್ನೊಂದು ದಾಹವೇ ಅನ್ನುವುದು ಅವರ ಮಾತಿನ ತಿರುಳು. ಇದನ್ನು ಒಪ್ಪಲೇಬೇಕು ಅಂತಿಲ್ಲ. ಆದರೆ ಬಾಟಲಿ ಹೋದ ಜಾಗದಲ್ಲಿ ಏನನ್ನೂ ಇಡದೆ ಬಿಟ್ಟರೆ ಅಲ್ಲಿ ಜೂಜೋ, ಅತಿಯಾದ ಕೆಲಸವೋ, ಸದಾ ಕುದಿಯುವ ಸಿಟ್ಟೋ ಬಂದು ಕೂರುವುದನ್ನು ಈ ಕ್ಷೇತ್ರದವರು ದಿನಾ ನೋಡುತ್ತಾರೆ.

ಸಿಟ್ಟಿನ ಪಟ್ಟಿಯಲ್ಲಿ ನಿಮಗೆ ಯಾರ ಮೇಲೆ ಅತಿ ಹೆಚ್ಚು ಸಿಟ್ಟಿದೆಯೋ ಅವರೊಬ್ಬರನ್ನು ತೆಗೆದುಕೊಂಡು, ನಿಮಗೆ ಏನು ಬೇಕೋ ಅದೆಲ್ಲ ಅವರಿಗೆ ಸಿಗಲಿ ಅಂತ ಎರಡು ವಾರ ದಿನಾ ಬೇಡಿಕೊಳ್ಳಿ: ಆರೋಗ್ಯ, ನಿದ್ದೆ, ದುಡ್ಡು, ನೆಮ್ಮದಿ. ಮೊದಲ ದಿನಗಳಲ್ಲಿ ಹಲ್ಲು ಕಚ್ಚಿಕೊಂಡೇ ಹೇಳುತ್ತೀರಿ, ಅದಕ್ಕೆ ಅಡ್ಡಿಯಿಲ್ಲ.

ತಪ್ಪನ್ನು ತುಂಬಿಕೊಡುವುದು

"ಸಾರಿ" ಅನ್ನುವ ಮಾತು ಮನೆಯವರಿಗೆ ಸವೆದ ನಾಣ್ಯ. ಕುಡಿದ ಮರುದಿನ ಬೆಳಗ್ಗೆಯೆಲ್ಲ ಅದನ್ನೇ ಕೇಳಿದ್ದಾರೆ. ಈಗ ಕೊಡಬೇಕಾದ್ದು ನಷ್ಟ ಭರ್ತಿ. ಅದೇ ಅಣ್ಣನ ಸಾಲನ್ನೇ ಹಿಡಿಯೋಣ:

"ಅಣ್ಣಾ, ಮಾರ್ಚಿನಲ್ಲಿ ಆಸ್ಪತ್ರೆಗೆ ಅಂತ ನಿನ್ನಿಂದ ಹತ್ತು ಸಾವಿರ ತಗೊಂಡೆ. ಆಸ್ಪತ್ರೆಗೆ ಹೋಗಲಿಲ್ಲ, ಕುಡಿದೆ. ನಿನಗೆ ಸುಳ್ಳು ಹೇಳಿದೆ. ಪ್ರತಿ ತಿಂಗಳು 5ನೇ ತಾರೀಕು ಸಾವಿರದ ಹಾಗೆ ಹತ್ತು ತಿಂಗಳು ವಾಪಸ್ ಕೊಡ್ತೀನಿ. ಇದು ಇವತ್ತಿನ ಸಾವಿರ. ನಾನು ಹೇಳದೆ ಬಿಟ್ಟದ್ದು ಬೇರೆ ಏನಾದ್ರೂ ಇದೆಯಾ?"

ಇಷ್ಟು ಹೇಳಿ ಬಾಯಿ ಮುಚ್ಚಬೇಕು. ಈ ಮಾತಿನಲ್ಲಿ ಮೂರು ಪದಗಳು ಇಲ್ಲದ್ದನ್ನು ಗಮನಿಸಿ: "ಆದರೆ", "ಕುಡಿದ ಮತ್ತಿನಲ್ಲಿ", "ನಿನಗೆ ಬೇಜಾರಾಗಿದ್ದರೆ". ನೆಂಟರ ಮುಂದೆ ಅವನು ಆಡಿದ ಮಾತಿನ ಸುದ್ದಿಯೂ ಇಲ್ಲ, ಅದು ಅವನ ಲೆಕ್ಕ. ಕೊನೆಯ ಪ್ರಶ್ನೆ ಕೇಳಿದ ಮೇಲೆ ಅಣ್ಣ ಹತ್ತು ವರ್ಷದ ಪಟ್ಟಿ ಬಿಚ್ಚಿದರೆ ಕೂತು ಕೇಳಿ, ತಿದ್ದಬೇಡಿ. "ಆ ದಿನ ಮೂರು ಸಾವಿರ ಅಲ್ಲ, ಎರಡೇ" ಅನ್ನುವ ತಿದ್ದುಪಡಿಯಿಂದ ಎಲ್ಲ ಹಾಳಾಗುತ್ತದೆ. "ಹೋಗಲಿ ಬಿಡು" ಅಂದರೂ ದುಡ್ಡು ಕೊಡುವುದನ್ನು ನಿಲ್ಲಿಸಬೇಡಿ. ಕ್ಷಮಿಸುವುದು, ಬಿಡುವುದು ಅವನ ಹಕ್ಕು. ಮನೆ ನಡೆಸಲು ಬೇಕಾದ್ದನ್ನು ಬಿಟ್ಟು ತಪ್ಪದೆ ಕೊಡಬಲ್ಲ ಮೊತ್ತವನ್ನೇ ಹೇಳಿ. ದೊಡ್ಡ ಮೊತ್ತ ಹೇಳಿ ಮೂರನೇ ತಿಂಗಳು ತಪ್ಪಿದರೆ ಅದು ಇನ್ನೊಂದು ಸುಳ್ಳಾಗುತ್ತದೆ.

ಎಲ್ಲರ ಬಳಿಯೂ ಹೋಗುವಂತಿಲ್ಲ. ನಿಮ್ಮ ಮನಸ್ಸು ಹಗುರವಾಗಲು ಇನ್ನೊಬ್ಬರ ಸಂಸಾರ ಒಡೆಯುವ ಸತ್ಯವನ್ನು ಹೇಳಬೇಡಿ. ನೀವು ಹೊಡೆದ, ನಿಮ್ಮನ್ನು ನೋಡಲು ಇಷ್ಟಪಡದ ವ್ಯಕ್ತಿಯನ್ನು ದೂರ ಬಿಡುವುದೇ ನೀವು ಮಾಡಬಹುದಾದ ಭರ್ತಿ. ಕಾನೂನಿನ ತೊಡಕಿದ್ದರೆ ಮೊದಲು ವಕೀಲರನ್ನು ಕಾಣಿ. ತೀರಿಕೊಂಡವರಿಗೆ ಪತ್ರ ಬರೆದು ಸ್ಪಾನ್ಸರ್ ಮುಂದೆ ಓದಿ, ಅವರಿಗೆ ಕೊಡಬೇಕಾಗಿದ್ದ ದುಡ್ಡನ್ನು ಅಗತ್ಯವಿರುವ ಒಬ್ಬರಿಗೆ ಹೆಸರು ಹೇಳದೆ ಮುಟ್ಟಿಸಿ.

ಕಾಣದ ಕೆಲಸ

ಗುಂಪಿನಲ್ಲಿ ಕುರ್ಚಿ ಹಾಕುವುದು, ಲೋಟ ತೊಳೆಯುವುದು, ಕಸ ಗುಡಿಸುವುದು, ಯಾವುದಾದರೂ ಒಂದನ್ನು ಆರು ತಿಂಗಳು ಹಿಡಿಯಿರಿ. ಮೈಕು ಹಿಡಿಯುವ ಕೆಲಸ ಆಮೇಲೆ. ವಾರಕ್ಕೊಮ್ಮೆ ಒಂದು ಒಳ್ಳೆಯ ಕೆಲಸವನ್ನು ಯಾರಿಗೂ ಗೊತ್ತಾಗದಂತೆ ಮಾಡಿ. ಗೊತ್ತಾದರೆ ಆ ವಾರದ್ದು ಲೆಕ್ಕಕ್ಕಿಲ್ಲ, ಮತ್ತೆ ಮಾಡಿ. ಇದು ಆಟದ ಹಾಗೆ ಕಂಡರೂ ಹೊಗಳಿಕೆಯ ಹಸಿವು ಎಷ್ಟಿದೆ ಅಂತ ಇದರಷ್ಟು ಬೇಗ ತೋರಿಸುವುದು ಇನ್ನೊಂದಿಲ್ಲ.

ಎಲ್ಲಿ ಕೆಡುತ್ತದೆ

ಮೊದಲ ತಿಂಗಳುಗಳಲ್ಲಿ ಕೆಲವರಿಗೆ ಆಕಾಶದಲ್ಲಿ ತೇಲಿದಂಥ ಖುಷಿ ಬರುತ್ತದೆ. ಆಗಲೇ ಊರಿಗೆಲ್ಲ ಉಪದೇಶ ಶುರುವಾಗುತ್ತದೆ. ಆ ಖುಷಿಯನ್ನು ಅನುಭವಿಸಿ, ಆದರೆ ಅದರ ಬಲದ ಮೇಲೆ ಕೆಲಸ ಬಿಡುವುದು, ಮದುವೆ ನಿಶ್ಚಯಿಸುವುದು, ಹೊಸಬರಿಗೆ ಗುರುವಾಗುವುದು ಬೇಡ.

ಅದಕ್ಕಿಂತ ಅಪಾಯದ್ದು ಔಷಧಿ ಬಿಡುವುದು. "ಪ್ರಾರ್ಥನೆ ಇರುವಾಗ ಗುಳಿಗೆ ಯಾಕೆ" ಅಂತ ಚಟದ ಚಿಕಿತ್ಸೆಗೆ ಕೊಡುವ ಬ್ಯುಪ್ರೆನಾರ್ಫಿನ್, ಮೆಥಡೋನ್, ನಾಲ್ಟ್ರೆಕ್ಸೋನ್ ಅಥವಾ ಖಿನ್ನತೆಯ ಗುಳಿಗೆಗಳನ್ನು ನಿಲ್ಲಿಸುವವರಿದ್ದಾರೆ, ನಿಲ್ಲಿಸು ಅನ್ನುವ ಹಿತೈಷಿಗಳೂ ಇದ್ದಾರೆ. ಹೆರಾಯಿನ್ ಥರದ ಓಪಿಯಾಯ್ಡ್ ಬಿಟ್ಟವರಿಗೆ ಇದು ಸಾವಿನ ದಾರಿ. ಕೆಲವು ವಾರ ಬಿಟ್ಟರೆ ದೇಹ ತಾಳುವ ಪ್ರಮಾಣ ಇಳಿದಿರುತ್ತದೆ, ಮತ್ತೆ ಮಾದಕವಸ್ತುವನ್ನು ಹಳೇ ಪ್ರಮಾಣದಲ್ಲಿ ತೆಗೆದುಕೊಂಡರೆ ಉಸಿರು ನಿಲ್ಲಬಹುದು. ಔಷಧಿಯನ್ನು ವೈದ್ಯರು ಹೇಳಿದಷ್ಟು ದಿನ ತೆಗೆದುಕೊಳ್ಳುವುದು ಕೂಡ ಲೆಕ್ಕವನ್ನು ಇನ್ನೊಬ್ಬರಿಗೆ ಬಿಟ್ಟುಕೊಡುವ ಕೆಲಸವೇ.

ತಗ್ಗುವುದಕ್ಕೂ ತುಳಿಸಿಕೊಳ್ಳುವುದಕ್ಕೂ ವ್ಯತ್ಯಾಸವಿದೆ. ದುಡ್ಡು ಕೇಳುವ, ಮೈ ಮುಟ್ಟುವ, ವೈದ್ಯರನ್ನು ನೋಡಬೇಡ ಅನ್ನುವ, ಮನೆಯವರಿಂದ ದೂರವಿಡುವ ಸ್ಪಾನ್ಸರನ್ನೋ ಗುರುವನ್ನೋ ಅದೇ ದಿನ ಬಿಡಿ. ಗುಂಪಿನ ಇನ್ನಿಬ್ಬರಿಗೆ ವಿಷಯ ತಿಳಿಸಿ.

ಮತ್ತೆ ಕುಡಿದರೆ? ಜಟ್ಟಿ ಜಾರಿ ಬಿದ್ದರೆ ಅದೂ ಒಂದು ಪಟ್ಟು ಅಂದ ಹಾಗೆ, ಬಿದ್ದದ್ದಕ್ಕೂ ಕಥೆ ಕಟ್ಟುವ ಬುದ್ಧಿ ತಕ್ಷಣ ಎದ್ದು ನಿಲ್ಲುತ್ತದೆ: "ಪರೀಕ್ಷೆ ಮಾಡಿ ನೋಡಿದೆ", "ಬಿಯರ್ ತಾನೇ". ಇದಕ್ಕೆ ಇನ್ನೊಂದು ತುದಿ "ಹೇಗೂ ಕೆಟ್ಟೆ, ಬಾಟಲಿ ಮುಗಿಸಿಬಿಡೋಣ" ಅನ್ನುವುದು. ಒಂದು ಗ್ಲಾಸು ಒಂದು ತಿಂಗಳ ಕುಡಿತವಾಗುವುದು ಈ ಎರಡನೆಯದರಿಂದ. ಮಾಡಬೇಕಾದ್ದು: ಅದೇ ದಿನ, ಸಾಧ್ಯವಾದರೆ ಅದೇ ಗಂಟೆ, ಸ್ಪಾನ್ಸರ್‌ಗೆ ಮತ್ತು ಮನೆಯಲ್ಲಿ ಒಬ್ಬರಿಗೆ ಹೇಳುವುದು. ಎಷ್ಟು, ಎಲ್ಲಿ, ಯಾವಾಗ, ಯಾರ ಜೊತೆ, ಅಂಕಿ ಸಮೇತ. ಹಲವು ದಿನ ಕುಡಿದಿದ್ದರೆ ನಿಲ್ಲಿಸುವ ಮೊದಲು ವೈದ್ಯರಿಗೆ. ಆಮೇಲೆ ಹಿಂದಿನ ಮೂರು ದಿನದ ಪುಸ್ತಕ ತೆಗೆದು ನೋಡಿ. ಸಾಮಾನ್ಯವಾಗಿ ಬಾಟಲಿಗಿಂತ ಮೊದಲು ಫೋನ್ ನಿಂತಿರುತ್ತದೆ.

ಬೆಳೆಯುತ್ತಿದ್ದೀರಾ ಅಂತ ತಿಳಿಯಲು ಧ್ಯಾನದಲ್ಲಿ ಕಂಡದ್ದನ್ನು ಲೆಕ್ಕ ಹಾಕಬೇಡಿ. ತಪ್ಪು ಮಾಡಿದ ಹೊತ್ತಿಗೂ ಅದನ್ನು ಒಪ್ಪಿದ ಹೊತ್ತಿಗೂ ನಡುವಿನ ಅಂತರ ನೋಡಿ. ಶುರುವಿನಲ್ಲಿ ಮೂರು ವಾರ ಹಿಡಿಯುತ್ತಿದ್ದದ್ದು ಮೂರು ದಿನಕ್ಕೆ, ಆಮೇಲೆ ಮೂರು ಗಂಟೆಗೆ ಇಳಿದಿದ್ದರೆ ಲೆಕ್ಕ ತಾಳೆಯಾಗುತ್ತಿದೆ. ರಾತ್ರಿ ಪುಸ್ತಕದ ಅಂಚಿನಲ್ಲಿ ಈ ಅಂತರವನ್ನು ಬರೆದಿಡಿ, ಆರು ತಿಂಗಳಿಗೊಮ್ಮೆ ಹಿಂದೆ ತಿರುಗಿಸಿ ನೋಡಿ.

ಮನೆಯವರ ಅನುಮಾನ

ನೀವು ಬಿಟ್ಟು ಎಂಟು ತಿಂಗಳಾಗಿದ್ದರೂ ಮನೆಯವರು ಬಾಗಿಲಲ್ಲೇ ಮೂಗರಳಿಸುತ್ತಾರೆ. ಹತ್ತು ನಿಮಿಷ ತಡವಾದರೆ ಎರಡು ಮಿಸ್ಡ್ ಕಾಲ್. ಸ್ನಾನಕ್ಕೆ ಹೋದಾಗ ಬ್ಯಾಗಿನ ಜಿಪ್ಪು ಎಳೆದ ಸದ್ದು ಕೇಳುತ್ತದೆ. ಒಳಗಿನಿಂದ "ಇನ್ನೂ ನಂಬಿಕೆ ಇಲ್ವಾ?" ಅನ್ನುವ ಮಾತು ನುಗ್ಗಿ ಬರುತ್ತದೆ. ನಂಬಿದಾಗಲೆಲ್ಲ ಮೋಸ ಹೋದವರು ಅವರು, ನೋಡುವುದನ್ನು ಅವರಿಗೆ ಕಲಿಸಿದ್ದು ನೀವೇ.

ಆದ್ದರಿಂದ ಅವರು ಕೇಳುವ ಮೊದಲೇ ತೋರಿಸಿ. ತಡವಾಗುವಂತಿದ್ದರೆ ಹೊರಡುವ ಮೊದಲೇ ತಿಳಿಸಿ, ಯಾವ ಜಾಗ ಅಂತಲೂ ಹೇಳಿ. ಸಂಬಳದ ಚೀಟಿ, ಖರ್ಚಿನ ರಸೀದಿ ಮೇಜಿನ ಮೇಲಿರಲಿ. ಜೇಬು ನೋಡಬೇಕೆಂದರೆ ಒಳಪದರವನ್ನು ಹೊರಗೆಳೆದು ತೋರಿಸಿ, ಮುಖ ಗಂಟಿಕ್ಕದೆ. ಎಷ್ಟು ದಿನ ಅಂತ ಕೇಳಬೇಡಿ, ಅದನ್ನು ತೀರ್ಮಾನಿಸುವವರು ಅವರು. ಒಂದು ಸಂಜೆ ನೀವು ಒಳಗೆ ಬಂದಾಗ ಯಾರೂ ತಲೆ ಎತ್ತಿ ನೋಡುವುದಿಲ್ಲ, "ಊಟಕ್ಕೆ ಬಾ" ಅಂತ ಅಡುಗೆಮನೆಯಿಂದಲೇ ಕೂಗುತ್ತಾರೆ. ಅದನ್ನು ಗಮನಿಸಿದ್ದೇನೆ ಅಂತ ಹೇಳಲು ಹೋಗಬೇಡಿ. ರಸೀದಿಯನ್ನು ಎಂದಿನ ಜಾಗದಲ್ಲಿಟ್ಟು, ಕೈ ತೊಳೆದು, ಊಟಕ್ಕೆ ಕೂತುಕೊಳ್ಳಿ.